ಸಾಲು ತುಂಬಿಸಿದ ಪದ

ಇಳಕಲ್ಲಿಗೆ ಹೋಗದೆ ವರ್ಷಗಳೇ ಆಗಿದ್ದವು. ಹೋದ ತಿಂಗಳು ಮನೆಯ ಮದುವೆಗೆ ಸೀರೆ ತರಲೆಂದು ಹುನಗುಂದದ ಬಸ್ಸಿಳಿದು ಪೇಟೆಯ ಕಡೆ ನಡೆಯುತ್ತಿದ್ದೆ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಒಬ್ಬಾತ ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿಕೊಂಡು, ಬಿಚ್ಚಿಟ್ಟ ಬಿಡಿಭಾಗಗಳನ್ನು ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದ. ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹೆಂಗಸು ನನಗೆ ಢಿಕ್ಕಿ ಹೊಡೆದು, "ನಡೀರಿ ಅಕ್ಕಾರ, ನಟ್ಟನಡುವ ಹಿಂಗ ನಿಂತ್ರ ಹ್ಯಾಂಗ?" ಎಂದು ಗದರಿದಳು. ಅವಳು ಹೇಳಿದ್ದೇನೂ ಸುಳ್ಳಲ್ಲ.

ಸೀಮೆಎಣ್ಣೆ ಎಂದರೆ ನನಗೆ ನೆನಪಾಗುವುದು ಒಲೆಯಲ್ಲ, ಕಂದೀಲಲ್ಲ, ಅಪ್ಪನ ಛಾಪಖಾನೆ. ಅಲ್ಲಿ ಪ್ರತಿ ಶುಕ್ರವಾರ ನಮ್ಮ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅಚ್ಚು ಮುಗಿದ ಮೇಲೆ ಮಸಿ ಮೆತ್ತಿದ ಸೀಸದ ಅಕ್ಷರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅವುಗಳ ಗೂಡಿಗೆ ಮರಳಿ ಹಾಕುವ ಕೆಲಸ ನನ್ನದು. ಎಂಬತ್ತರ ದಶಕದ ಆರಂಭವದು. ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿಕೊಂಡು ಬಂದು ಮನೆಯಲ್ಲಿ ಕೂತಿದ್ದೆ. ಮದುವೆ ಗೊತ್ತಾಗುವ ತನಕ ಪ್ರೆಸ್ಸಿನಲ್ಲಾದರೂ ಇರಲಿ, ಮನೆಯಲ್ಲಿದ್ದರೆ ಎಲ್ಲರೊಡನೆ ಜಗಳ ತೆಗೆಯುತ್ತಾಳೆ ಎಂಬುದು ಅವ್ವನ ಲೆಕ್ಕಾಚಾರ. ನನ್ನ ಹೆಸರು ಶಾಂತಾ. ಹೆಸರಿಟ್ಟವರ ಅಂದಾಜು ಪೂರ್ತಿ ತಪ್ಪಿತ್ತು.

ಪತ್ರಿಕೆ ನಾಲ್ಕೇ ಪುಟದ್ದು. ಇಳಕಲ್, ಹುನಗುಂದ, ಹೆಚ್ಚೆಂದರೆ ಬಾಗಲಕೋಟೆಯವರೆಗೆ ಅದರ ಸಾಮ್ರಾಜ್ಯ. ಸಂಪಾದಕ, ವರದಿಗಾರ, ಜಾಹೀರಾತು ಕೇಳಿಕೊಂಡು ಅಂಗಡಿ ಅಂಗಡಿ ಅಲೆಯುವವ, ಎಲ್ಲ ಅಪ್ಪನೇ. ಅಕ್ಷರ ಜೋಡಿಸಲು ಗುರಪ್ಪ ಎಂಬ ಕಂಪೋಜಿಟರ್ ಇದ್ದ. ನಾನು ಪ್ರೂಫ್ ತಿದ್ದುತ್ತಿದ್ದೆ. ಅಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು, ಶಿವಯೋಗ ಮಂದಿರಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಹೋಗಿಬರುವ ಮನುಷ್ಯ. ಯಾರಿಗೂ ಕೇಡು ಬಗೆದವರಲ್ಲ. ಅವರಿಗಿದ್ದದ್ದು ಒಂದೇ ಚಟ. ಮೊದಲ ಪುಟದ ಹೆಡ್ಡಿಂಗು ಈ ದಂಡೆಯಿಂದ ಆ ದಂಡೆಗೆ ಮುಟ್ಟಬೇಕು.

"ನಡುವ ಖಾಲಿ ಬಿಟ್ರ ಹಲ್ಲು ಬಿದ್ದ ಬಾಯಿ ಕಂಡಂಗ ಕಾಣತೈತಿ" ಎನ್ನುತ್ತಿದ್ದರು.

ಹೀಗಾಗಿ ಸುದ್ದಿ ಚಿಕ್ಕದಿದ್ದರೆ ಅದಕ್ಕೊಂದು ಪದ ಅಂಟಿಕೊಳ್ಳುತ್ತಿತ್ತು. ಗುರಪ್ಪ ಅಕ್ಷರ ಜೋಡಿಸುತ್ತ, "ಮಾಲಕ್ರ, ಸಾಲು ತುಂಬವಲ್ತು, ಒಂದು ಶಬ್ದ ಕೊಡ್ರಿ" ಎಂದು ಕೂಗುವುದು, ಅಪ್ಪ ಕೂತಲ್ಲಿಂದಲೇ ಒಂದನ್ನು ಎಸೆಯುವುದು. 'ಎಮ್ಮೆ ಕಳವು' ಎಂದಿದ್ದದ್ದು 'ಹಾಲು ಕೊಡುವ ಎಮ್ಮೆ ಕಳವು' ಆಯಿತು. ಆ ಎಮ್ಮೆ ಗೊಡ್ಡು ಎಂದು ಆಮೇಲೆ ಗೊತ್ತಾಯಿತು. ಇನ್ನೊಮ್ಮೆ 'ತುಂಬಿದ ಬಸ್ ಪಲ್ಟಿ' ಎಂದು ಬಂತು. ಒಳಗಿದ್ದವರು ಡ್ರೈವರ್ ಮತ್ತು ಕಂಡಕ್ಟರ್, ಇಬ್ಬರೇ, ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಪೇಟೆಯವರು ಅಪ್ಪನನ್ನು ಕಂಡಾಗಲೆಲ್ಲ, "ತುಂಬಿದ ಸಂಪಾದಕರು ಬಂದ್ರು" ಎಂದು ತಮಾಷೆ ಮಾಡುತ್ತಿದ್ದರು. ನಾವೂ ನಗುತ್ತಿದ್ದೆವು.

ಆ ವರ್ಷ ಶ್ರಾವಣ ಹಿಡಿದಿದ್ದರೂ ಆಷಾಢದ ಗಾಳಿಗೆ ಅದು ತಿಳಿದಂತಿರಲಿಲ್ಲ. ಮೋಡ ಬರುತ್ತಿದ್ದವು, ಮಳೆ ನಾಲ್ಕು ಹನಿ ಉದುರಿಸಿ ಬಾದಾಮಿಯ ಕಡೆ ಓಡುತ್ತಿತ್ತು. ಗಾಳಿ ಮಾತ್ರ ಕಲ್ಲಿನ ಫ್ಯಾಕ್ಟರಿಗಳ ಬಿಳಿ ಪುಡಿಯನ್ನು ಹೊತ್ತು ತಂದು ಮನೆ ಮನೆಗೆ ಹಂಚುತ್ತಿತ್ತು. ಅಂಥ ಗಾಳಿಗೆ ರೇಷ್ಮೆಯ ಎಳೆ ಹರಿಯುತ್ತದೆಂದು ನಮ್ಮ ಓಣಿಯ ಹೆಂಗಸರು ಬಾಗಿಲು ಕಿಟಕಿ ಮುಚ್ಚಿಕೊಂಡು, ಸೆಕೆಯಲ್ಲಿ ಬೆವರುತ್ತ ನೂಲು ಸುತ್ತುತ್ತಿದ್ದರು.

ಪ್ರೆಸ್ಸಿನ ಗೋಡೆಯಾಚೆಗೆ ಮಾಬಕ್ಕನ ಮನೆ. ಪೂರ್ತಿ ಹೆಸರು ಮಾಬೂಬಿ, ಓಣಿಗೆಲ್ಲ ಮಾಬಕ್ಕ. ಗಂಡ ಕಲ್ಲಿನ ಪುಡಿ ಎದೆಗೆ ಹತ್ತಿ ಕೆಮ್ಮುತ್ತ ಮನೆಯಲ್ಲೇ ಇದ್ದ. ಆಕೆಯ ರಾಟೆ ತಿರುಗಿದರೆ ಒಲೆ ಉರಿಯಬೇಕು, ಹಾಗಿತ್ತು ಸಂಸಾರ. ಸೋಮವಾರಕ್ಕೊಮ್ಮೆ ಸೀರೆ ವ್ಯಾಪಾರದ ಸಾವಕಾರರ ಅಂಗಡಿಗೆ ಹೋಗಿ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿಗಳನ್ನು ತಂದು, ಬಿಚ್ಚಿ, ರಾಟೆಯಲ್ಲಿ ಕಂಡಿಕೆಯ ಸಣ್ಣ ಕೊಳವೆಗಳಿಗೆ ಸುತ್ತಿ, ಮುಂದಿನ ಸೋಮವಾರ ಒಪ್ಪಿಸಿ ಬರುತ್ತಿದ್ದಳು. ಉಳಿದವರಿಗೆ ಸಾವಕಾರರು ತಕ್ಕಡಿಯಲ್ಲಿ ತೂಗಿ ಕೊಟ್ಟು, ತೂಗಿ ತೆಗೆದುಕೊಳ್ಳುತ್ತಿದ್ದರು. ಮಾಬಕ್ಕನಿಗೆ ಮಾತ್ರ ತೂಕವಿಲ್ಲ. ಕೈಗೆ ಬಂದಷ್ಟು ಲಡಿ ಎತ್ತಿ ಅವಳ ಉಡಿಗೆ ಹಾಕುವರು. ಈ ಮಾತನ್ನು ಆಕೆ ಹೇಳಿಕೊಳ್ಳದ ದಿನವಿರಲಿಲ್ಲ.

"ನನಗ ತಕ್ಕಡಿ ತೋರಿಸಿಲ್ಲ ನೋಡವ್ವ ಸಾವಕಾರ ಇವತ್ತಿನತನ" ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ಆ ಗುರುವಾರ ನಾನು ಪ್ರೆಸ್ಸಿನಲ್ಲಿರಲಿಲ್ಲ. ಬಾದಾಮಿಯಲ್ಲಿ ಯಾರೋ ನನ್ನನ್ನು ನೋಡುವವರಿದ್ದರು. ಹುಡುಗ ನನ್ನತ್ತ ನೋಡಿದ್ದಕ್ಕಿಂತ ಉಪ್ಪಿಟ್ಟಿನತ್ತ ನೋಡಿದ್ದೇ ಹೆಚ್ಚು. ಮರುದಿನ ಸಂಜೆ ವಾಪಸು ಬಂದಾಗ ಪತ್ರಿಕೆ ಹಂಚಿಯಾಗಿತ್ತು. ಹೆಡ್ಡಿಂಗು ದಂಡೆಯಿಂದ ದಂಡೆಗೆ ತುಂಬಿಕೊಂಡಿತ್ತು: 'ರೇಷ್ಮೆ ಕಳವು: ಮುಸ್ಲಿಂ ಯುವಕನ ಬಂಧನ'. ಪೇಟೆಯ ಗೋದಾಮಿನಲ್ಲಿ ಹಮಾಲಿ ಮಾಡುವ ಹುಡುಗನೊಬ್ಬ ರೇಷ್ಮೆಯ ಗಂಟು ಹೊತ್ತೊಯ್ದು ಸಿಕ್ಕಿಬಿದ್ದಿದ್ದ. ಠಾಣೆಯಲ್ಲಿ ಚಹಾ ಕುಡಿಯುತ್ತ ಪೊಲೀಸರು ಅಪ್ಪನಿಗೆ "ಹುಸೇನ್ಯಾ ಅಂತ ಒಬ್ಬಾವ" ಎಂದಿದ್ದರು. 'ಯುವಕನ ಬಂಧನ' ಎಂದು ಜೋಡಿಸಿದಾಗ ಸಾಲು ತುಂಬಿರಲಿಲ್ಲ. ಗುರಪ್ಪ ಎಂದಿನಂತೆ ಶಬ್ದ ಕೇಳಿದ್ದ, ಅಪ್ಪ ಎಂದಿನಂತೆ ಒಂದು ಶಬ್ದ ಎಸೆದಿದ್ದರು. ನಾನಲ್ಲಿದ್ದಿದ್ದರೆ ತಡೆಯುತ್ತಿದ್ದೆನೆಂದು ಜಂಬ ಕೊಚ್ಚಲಾರೆ. ಕಾಗುಣಿತ ಸರಿಯಿದೆ ಎಂದು ನಾನೂ ಬಿಟ್ಟುಬಿಡುತ್ತಿದ್ದೆನೇನೋ.

ಮಂಗಳವಾರ ಬೆಳಿಗ್ಗೆ ಪ್ರೂಫ್ ನೋಡುತ್ತ ಕೂತವಳಿಗೆ ಏನೋ ಕಡಿಮೆಯಾದಂತೆ ಅನಿಸಿತು. ಗೋಡೆಯಾಚೆ ರಾಟೆಯ ಸದ್ದಿರಲಿಲ್ಲ. ಹೋಗಿ ನೋಡಿದರೆ ಮಾಬಕ್ಕ ಬಾಗಿಲು ಪೂರಾ ತೆರೆದಿಟ್ಟುಕೊಂಡು ಕೂತಿದ್ದಳು. ಗಾಳಿ ಒಳಗೆಲ್ಲ ಓಡಾಡುತ್ತಿತ್ತು. ಹರಿಯಲು ಎಳೆಯೇ ಇರಲಿಲ್ಲ.

"ಯಾಕ ಮಾಬಕ್ಕ, ಆರಾಮಿಲ್ಲೇನು?"

"ಆರಾಮ ಅದೇನಿ. ರೇಷ್ಮಿ ಕೊಡಲಿಲ್ಲ ಸಾವಕಾರ."

"ಯಾಕಂತ?"

"ಪೇಪರಿನ್ಯಾಗ ಬಂದೈತೆಲ್ಲ. ನಿಮ್ಮ ಮಂದಿಗೆ ರೇಷ್ಮಿ ಕೊಡಾಕ ಈಗ ಅಂಜಿಕಿ ಬರತೈತಿ, ಒಂದೀಟು ದಿವಸ ಹೋಗ್ಲಿ ಅಂದ್ರು. ನನಗೊಬ್ಬಾಕಿಗೆ ಅಲ್ಲ. ನಮ್ಮ ಮಂದಿಯಾಗ ಯಾರಿಗೂ ಕೊಟ್ಟಿಲ್ಲ." ಖಾಲಿ ರಾಟೆಯ ಕಡೆ ನೋಡಿ ಕೇಳಿದಳು: "ಆ ಹುಡುಗನ್ನ ನಾ ಕಣ್ಣಿಲೆ ಕಂಡಿಲ್ಲ ಶಾಂತಾ. ಅಂವ ಕದ್ದಿದ್ದಕ್ಕ ನಾ ಹ್ಯಾಂಗ ಜವಾಬು ಕೊಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ನೇರ ಪ್ರೆಸ್ಸಿಗೆ ಬಂದು ಅಪ್ಪನ ಮುಂದೆ ಪತ್ರಿಕೆ ಇಟ್ಟು ಕೂಗಾಡಿದೆ. ಗುರಪ್ಪ ಅಕ್ಷರದ ಗೂಡುಗಳಲ್ಲಿ ತಲೆ ಹುದುಗಿಸಿಕೊಂಡ.

"ಕೂಗಬ್ಯಾಡ" ಎಂದರು ಅಪ್ಪ. "ನಾ ಸುಳ್ಳ ಏನ್ ಬರದೇನಿ? ಕಳವು ಆಗಿದ್ದು ಖರೆ, ಹಿಡಿದಿದ್ದು ಖರೆ. ಹೆಸರು ಹುಸೇನ. ಮತ್ತ ಏನ್ ಅನ್ನಬೇಕಿತ್ತು?"

"ಹೋದ ತಿಂಗಳು ಆ ಸೊಸೈಟಿ ಕಾರಕೂನ ರೊಕ್ಕ ನುಂಗಿದ್ನೆಲ್ಲ. ಅಂವ ನಮ್ಮ ಮಂದಿಯಾವನ. ಅವನ ಹೆಡ್ಡಿಂಗಿನ್ಯಾಗ ಜಾತಿ ಯಾಕ ಹಾಕಲಿಲ್ಲ?"

"ಅದು ಉದ್ದ ಇತ್ತು, ಸಾಲು ತುಂಬಿತ್ತು" ಎಂದರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರಂತೆ ಹೆಡ್ಡಿಂಗನ್ನೊಮ್ಮೆ ನೋಡಿದರು. ಆದರೂ ಸೋಲೊಪ್ಪುವ ಪೈಕಿಯಲ್ಲ. ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೊರಟುಹೋದರು.

ಬುಧವಾರ ಪ್ರೆಸ್ಸಿನ ಮೆಟ್ಟಿಲ ಹತ್ತಿರ ಹೆಗಲ ಮೇಲೆ ಕಂಬಳಿ ಹೊತ್ತ ಮುದುಕನೊಬ್ಬ ಬಂದು ನಿಂತ. ಒಳಗೆ ಬರ್ರಿ ಎಂದರೂ ಬರಲಿಲ್ಲ. ಹುನಗುಂದದ ಹಾದಿಯಲ್ಲಿರುವ ಹಳ್ಳಿಯವನು, ಕುರಿ ಕಾಯುವವನು. ಹೆಸರು ಬೀರಪ್ಪ.

"ಪೇಪರಿನವ್ರು ನೀವನರಿ? ನಿಮ್ಮ ಪೇಪರಿನ್ಯಾಗ ಬಂದಾವ ನನ್ನ ಮಗ್ರಿ" ಎಂದ.

ಅಪ್ಪನಿಗೆ ಅರ್ಥವಾಗಲಿಲ್ಲ. "ಯಾರು?"

"ಹುಸೇನಪ್ಪ. ಕಳವು ಮಾಡ್ಯಾನ. ಅದಕ್ಕ ನಾ ಏನೂ ಅನ್ನಾಂಗಿಲ್ಲ, ಮಾಡಿದ್ದು ಉಣ್ಣಲಿ. ಆದ್ರ ನಮ್ಮೂರಾಗ ಮಂದಿ ಕೇಳಾಕತ್ತಾರ, ಜಾತಿ ಯಾವಾಗ ಬದಲ ಮಾಡಿದ್ರಿ ಬೀರಪ್ಪ ಅಂತ. ನಾವು ಕುರುಬ್ರರಿ. ಮೊದಲಿನ ಎರಡು ಕೂಸು ಕೈಗೆ ಹತ್ತಲಿಲ್ಲ. ನನ್ನ ಹೇಣ್ತಿ ಮೊಹರಂ ದೇವ್ರಿಗೆ ಬೇಡ್ಕೊಂಡಳು. ಇಂವ ಉಳಿದ. ಅದಕ್ಕ ಹುಸೇನಪ್ಪ ಅಂತ ಹೆಸರಿಟ್ವಿ."

ಅಪ್ಪ ಕುರ್ಚಿಯಲ್ಲಿ ಕುಸಿದರು. ನಮ್ಮ ಸೀಮೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ನಮ್ಮದೇ ಓಣಿಯಲ್ಲಿ ಫಕೀರಪ್ಪ ಇಬ್ಬರಿದ್ದರು, ಇಬ್ಬರೂ ಲಿಂಗ ಕಟ್ಟಿದವರು. ಗುರಪ್ಪನ ಅತ್ತೆಯ ಹೆಸರು ಹುಸೇನವ್ವ. ಮೊಹರಂ ಬಂದರೆ ಅರ್ಧ ಊರು ಹರಕೆ ತೀರಿಸಲು ಓಡುತ್ತಿತ್ತು, ನಮ್ಮವ್ವನೂ ಆ ದೇವರ ಮುಂದೆ ಸಕ್ಕರೆ ಇಟ್ಟು ಓದಿಸಿಕೊಂಡು ಬರುತ್ತಿದ್ದಳು. ಎಲ್ಲ ಗೊತ್ತಿದ್ದೂ ಅಪ್ಪನಿಗೆ ಗುರುವಾರ ಅದು ನೆನಪಾಗಲಿಲ್ಲ.

ಆದರೆ ಕುಸಿದವರು ಬೇಗನೆ ಚೇತರಿಸಿಕೊಂಡರು. ಸಂಗತಿಯಲ್ಲಿ ತಪ್ಪಾಗಿದೆ, ತಿದ್ದುಪಡಿ ಹಾಕಿದರಾಯಿತು. "ಗುರಪ್ಪ, ಬರಕೋ. ಬಂಧಿತನು ಮುಸ್ಲಿಂ ಅಲ್ಲ, ಕುರುಬ ಜಾತಿಯವನು" ಎಂದು ಹೇಳಿಯೇಬಿಟ್ಟರು. ನನಗೂ ಎದೆಯ ಭಾರ ಇಳಿದಂತಾಯಿತು. ಓಡಿಹೋಗಿ ಮಾಬಕ್ಕನನ್ನು ಕೈಹಿಡಿದು ಎಳೆದುಕೊಂಡು ಬಂದೆ. "ಅಂವ ನಿಮ್ಮಾವ ಅಲ್ಲಂತ ಮಾಬಕ್ಕ, ಈ ಮುತ್ಯಾನ ಮಗ, ಕುರುಬ್ರಾವ! ಹಂಗಂತ ಶುಕ್ರವಾರ ಪೇಪರಿನ್ಯಾಗ ಬರತೈತಿ, ಸೋಮವಾರ ರೇಷ್ಮಿ ತಗೊಂಡು ಬಾ" ಎಂದೆ.

ಅವಳು ಸಂತೋಷಪಡಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಮುದುಕನನ್ನು ನೋಡಿದಳು. ಅವನ ಕಣ್ಣು ನೆಲದ ಮೇಲಿದ್ದವು.

"ಅಣ್ಣಾರ" ಎಂದಳು ಅಪ್ಪನಿಗೆ. "ಈ ಸಲ ನಮ್ಮಾವ ಅಲ್ಲ, ಪಾರಾದ್ವಿ. ಮುಂದಿನ ಸಲ ಖರೇನ ನಮ್ಮಾವನ ಇದ್ರ? ಆವಾಗ ನನ್ನ ರಾಟಿ ನಿಲ್ಲೂದು ನ್ಯಾಯ ಆಗತೈತೇನು?"

ಗುರಪ್ಪ ಬರೆಯುವುದನ್ನು ನಿಲ್ಲಿಸಿದ.

"ಮತ್ತ ಈ ಮುತ್ಯಾನ ಜಾತಿ ಹಾಕ್ತೀರಲ್ಲ, ಗೋದಾಮಿನ್ಯಾಗ ಇವ್ರ ಮಂದಿ ಎಷ್ಟ ಹಮಾಲ್ರು ಅದಾರ! ಅವ್ರಿಗೆ ನಾಳೆ ಕೆಲಸ ಯಾರು ಕೊಡ್ತಾರ? ನಮ್ಮ ಮ್ಯಾಲ ಬಿದ್ದಿದ್ದನ್ನ ತಗದು ಇವ್ರ ಮ್ಯಾಲ ಹಾಕಿದಂಗ ಆಗಲಿಲ್ಲೇನ್ರಿ?"

ಮುದುಕ ಕಂಬಳಿ ಸರಿಮಾಡಿಕೊಂಡ. ಅವನಿಗೆ ಇದು ಹೊಳೆದಿರಲಿಲ್ಲ. ಅಪ್ಪನ ಕಡೆ ತಿರುಗಿ ಹೇಳಿದ: "ಈ ತಂಗಿ ಹೇಳೂದು ಖರೆ ಐತ್ರಿ. ಜಾತಿ ಬ್ಯಾಡ್ರಿ. ಬೀರಪ್ಪನ ಮಗ ಹುಸೇನಪ್ಪ ಅಂತ ಹಾಕ್ರಿ. ಅಂವ ನನ್ನ ಮಗ. ಹೆಸರು ಕೆಟ್ರ ನನ್ನದ ಕೆಡಲಿ."

ಅಪ್ಪ ಎದ್ದುಹೋಗಿ ಮುದುಕನನ್ನು ಒಳಗೆ ಕರೆತಂದು ಕೂಡಿಸಿ, ಚಹಾ ತರಿಸಿದರು. ಮಾಬಕ್ಕ ತಲೆಯ ಮೇಲಿನ ಸೆರಗು ಎಳೆದುಕೊಂಡು ಹೊರಟುಹೋದಳು.

ತಿದ್ದುಪಡಿಯನ್ನು ಅಪ್ಪ ಬರೆದು, ಹರಿದು, ಮತ್ತೆ ಬರೆದರು. ಕೊನೆಗೆ ಮೊದಲ ಪುಟದಲ್ಲಿ, ಕಳವಿನ ಸುದ್ದಿ ಇದ್ದ ಜಾಗದಲ್ಲೇ ಹಾಕಿಸಿದರು: 'ಹೋದ ವಾರ ರೇಷ್ಮೆ ಕಳವಿನ ಸುದ್ದಿಯಲ್ಲಿ ಬಂಧಿತನ ಧರ್ಮ ಯಾವುದೆಂದು ಬರೆದಿದ್ದೆವು. ಕಳವಿಗೂ ಅದಕ್ಕೂ ಸಂಬಂಧವಿಲ್ಲ. ಬರೆಯಬಾರದಿತ್ತು. ಬಂಧಿತನು ಬೀರಪ್ಪನ ಮಗ ಹುಸೇನಪ್ಪ.' ಅವರ ಜೀವಮಾನದಲ್ಲಿ ಅಷ್ಟು ಸಣ್ಣ ಬರಹಕ್ಕೆ ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಸೋಮವಾರ ಮಾಬಕ್ಕ ಸಾವಕಾರರ ಅಂಗಡಿಗೆ ಹೋದಳು. ನಾನು ಪ್ರೆಸ್ಸಿನ ಬಾಗಿಲಲ್ಲೇ ಕಾಯುತ್ತಿದ್ದೆ. ಉಡಿಯಲ್ಲಿ ಕುಂಕುಮ ಬಣ್ಣದ ಲಡಿಗಳಿದ್ದವು.

"ಕೊಟ್ರು?" ಎಂದೆ.

"ಕೊಟ್ರು. ಬೀರಪ್ಪನ ಮಗ ಅಂತಲ್ಲ, ನಿಮ್ಮಾವ ಅಲ್ಲ ಬಿಡು ಅಂದ್ರು." ಆಮೇಲೆ ದನಿ ತಗ್ಗಿಸಿದಳು. "ತೂಗಿ ಕೊಟ್ರವ್ವ."

ಗೋಡೆಯಾಚೆ ರಾಟೆ ಮತ್ತೆ ತಿರುಗತೊಡಗಿತು. ನಾನು ಆ ತಕ್ಕಡಿಯ ಮಾತನ್ನು ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತೇನೋ. ಊಟಕ್ಕೆ ಕೂತಿದ್ದವರು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಕೈತೊಳೆದರು.

ಭಾದ್ರಪದದಲ್ಲಿ ಮಳೆ ತಡವಾಗಿಯಾದರೂ ಬಂತು. ಕರಿಮಣ್ಣು ಚಪ್ಪಲಿಗೆ ಹತ್ತಿಕೊಂಡು ಪ್ರೆಸ್ಸಿನ ಒಳಗೆಲ್ಲ ಬಂತು, ಕಾಗದ ತೇವಗೊಂಡು ಯಂತ್ರದಲ್ಲಿ ಸಿಕ್ಕಿಹಾಕಿಕೊಳ್ಳತೊಡಗಿತು. ನಾವು ಆ ಸಂಗತಿಯನ್ನು ಮರೆತೆವೆಂದುಕೊಳ್ಳುವಷ್ಟರಲ್ಲಿ ದಸರೆ ಹತ್ತಿರ ಬಂತು. ಬಸ್‌ಸ್ಟ್ಯಾಂಡಿನಲ್ಲಿ ವ್ಯಾಪಾರಿಯೊಬ್ಬರ ಸೀರೆಗಳ ಗಂಟು ಕಳುವಾಗಿ, ಮಾರನೆಯ ದಿನವೇ ಒಬ್ಬ ಸಿಕ್ಕಿಬಿದ್ದ. ಕಲ್ಲು ಪಾಲಿಶ್ ಕೆಲಸದವನು, ದಾದಾಪೀರ. ಮಾಬಕ್ಕನ ಓಣಿಯವನೇ. ಈ ಸಲ ಹರಕೆಯ ಹೆಸರಲ್ಲ, ಹುಟ್ಟಿನ ಹೆಸರೇ.

ಗುರುವಾರ ಮಧ್ಯಾಹ್ನ ಮಾಬಕ್ಕ ಪ್ರೆಸ್ಸಿಗೆ ಬಂದು ಗೋಡೆಗೆ ಆತು ಕೂತಳು. ಅವಳು ಯಾಕೆ ಬಂದಿದ್ದಾಳೆಂದು ನಮಗೆಲ್ಲ ಗೊತ್ತಿತ್ತು.

"ಏನರೆ ಹೇಳೂದೈತೇನು ಮಾಬವ್ವ?" ಅಪ್ಪ ಕೇಳಿದರು.

"ಹೋದ ಸಲ ಹೇಳೇನಲ್ಲರಿ" ಎಂದಳು.

ಗುರಪ್ಪ 'ಸೀರೆ ಗಂಟು ಕಳವು: ಒಬ್ಬನ ಬಂಧನ' ಎಂದು ಜೋಡಿಸಿ ಮುಗಿಸಿದ. ಬಲಗಡೆ ಅಂಗೈ ಅಗಲದ ಜಾಗ ಉಳಿಯಿತು. ಅವನು ಅಪ್ಪನನ್ನು ನೋಡಿದ, ಮಾಬಕ್ಕನನ್ನು ನೋಡಿದ, ಗಂಟಲು ಸರಿಪಡಿಸಿಕೊಂಡ.

"ಮಾಲಕ್ರ, ಸಾಲು ತುಂಬವಲ್ತು."

"ಖಾಲಿ ಬಿಡು" ಎಂದರು ಅಪ್ಪ.

"ಖಾಲಿ?" ಗುರಪ್ಪನಿಗೆ ನಂಬಿಕೆಯಾಗಲಿಲ್ಲ. "ಹೆಂಗೂ ಕೆಳಗ ದಾದಾಪೀರ ಅಂತ ಹೆಸರು ಇರತೈತಲ್ರಿ. ಓದಿದವರಿಗೆ ತಿಳಿಯೂದಿಲ್ಲೇನು? ಮ್ಯಾಲ ಹಾಕದಿದ್ರ ಏನ್ ಫರಕ್ ಆಗತೈತಿ?"

ಇದೇ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಕೇಳಲು ಧೈರ್ಯವಿರಲಿಲ್ಲ, ಅಷ್ಟೆ.

ಅಪ್ಪ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. "ಹೆಸರು ಅವನೊಬ್ಬನದು ಗುರಪ್ಪ. ಕದ್ದಾವ ಅಂವ, ಅವನ ಹೆಸರು ಇರಲಿ. ಆ ಇನ್ನೊಂದು ಶಬ್ದ ಎಷ್ಟ ಮಂದಿದು ಐತಿ, ನೋಡು. ಅದರಾಗ ಈಕಿನೂ ಅದಾಳ. ಈಕಿ ಏನ್ ಕದ್ದಾಳ?"

ಗುರಪ್ಪ ಆ ಜಾಗಕ್ಕೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಹಾಕಿ ಬಿಗಿ ಮಾಡಿದ.

ಹೋದ ತಿಂಗಳು ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕೂತಾಗ ಗೋಡೆಯ ಮೇಲಿನ ಟಿವಿಯಲ್ಲಿ ಯಾವುದೋ ಊರಿನ ಕೊಲೆಯ ಸುದ್ದಿ ಓಡುತ್ತಿತ್ತು. ಕೊಂದವನ ಹೆಸರಿಗಿಂತ ಅವನ ಧರ್ಮದ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅಲ್ಲಿ ಸಾಲು ತುಂಬಿಸುವ ತಾಪತ್ರಯವಿಲ್ಲ, ಅಕ್ಷರಗಳು ತಮ್ಮಷ್ಟಕ್ಕೆ ಓಡುತ್ತಲೇ ಇರುತ್ತವೆ. ಆದರೂ ಆ ಪದ ಬೇಕು ಅವರಿಗೆ. ಸೀರೆ ಬಿಚ್ಚಿ ತೋರಿಸುತ್ತಿದ್ದ ಹೆಣ್ಣುಮಗಳು ಅದನ್ನೊಮ್ಮೆ ನೋಡಿ, ತಲೆತಗ್ಗಿಸಿ, ಮತ್ತೊಂದು ಸೀರೆ ಬಿಚ್ಚಿದಳು. ಅವಳ ಹೆಸರನ್ನು ನಾನು ಕೇಳಲಿಲ್ಲ.

ದಸರೆಗೆ ಮುಂಚಿನ ಆ ಶುಕ್ರವಾರ ನಮ್ಮ ಪತ್ರಿಕೆ ಹಲ್ಲು ಬಿದ್ದ ಬಾಯಿಯಲ್ಲೇ ಪೇಟೆಗೆ ಹೋಯಿತು. ಪೇಟೆಯವರು ಬಿಡುತ್ತಾರೆಯೇ? "ಸಂಪಾದಕರ ಶಬ್ದ ತೀರಿದ್ವೇನ್ರಿ? ಸಾಲ ಬೇಕೇನು?" ಎಂದು ಕೇಳಿದರು. ಅಪ್ಪ ನಕ್ಕು ಮುಂದೆ ನಡೆದರು. ಆದರೆ ಶನಿವಾರವೂ ಭಾನುವಾರವೂ ಅವರು ಗೋಡೆಯಾಚೆಗೆ ಕಿವಿ ಕೊಟ್ಟುಕೊಂಡೇ ಇದ್ದರು. ಸೋಮವಾರ ಏನಾಗುತ್ತದೋ ಎಂಬ ಭಯ ಅವರಿಗೂ ಇತ್ತು, ನನಗೂ ಇತ್ತು.

ಸೋಮವಾರ ಮಧ್ಯಾಹ್ನ ಮಾಬಕ್ಕ ಮನೆಗೆ ಹೋಗದೆ ನೇರ ಪ್ರೆಸ್ಸಿಗೇ ಬಂದಳು. ಉಡಿ ತುಂಬಿತ್ತು.

"ಪೇಪರ್ ಮುಂದ ಇಟಗೊಂಡು ಕುಂತಿದ್ರು ಸಾವಕಾರ" ಎಂದಳು. "ಯಾರವ್ವ ಈ ದಾದಾಪೀರ ಅಂತ ಕೇಳಿದ್ರು. ನಮ್ಮ ಓಣಿಯಾವನ್ರಿ ಅಂದೆ. ಸುಳ್ಳ ಯಾಕ ಹೇಳ್ಲಿ? ಹೂಂ, ಕಲ್ಲಿನ ಫ್ಯಾಕ್ಟರಿಯಾವ ಅಂತಲ್ಲ ಅಂದ್ರು. ಅಷ್ಟ. ತೂಗಿದ್ರು, ಕೊಟ್ರು."

"ಇನ್ನೂ ತೂಗ್ತಾರೇನು?" ಅಪ್ಪ ಮೆಲ್ಲಗೆ ಕೇಳಿದರು.

"ತೂಗ್ಲಿ ಬಿಡ್ರಿ ಅಣ್ಣಾರ" ಎಂದಳು. ಅವಳ ಮುಖದಲ್ಲಿ ಹಳೆಯ ಜಂಬವಿರಲಿಲ್ಲ. ಆದರೆ ಶ್ರಾವಣದಿಂದ ಇದ್ದ ಅಂಜಿಕೆಯೂ ಇರಲಿಲ್ಲ. ನನ್ನ ಕಡೆ ತಿರುಗಿ, "ಶಾಂತಾ, ಆ ಪೇಪರ್ ತೋರಿಸವ್ವ, ನನಗ ಓದಾಕ ಬರೂದಿಲ್ಲ. ನೀವು ಬಿಟ್ಟಿದ್ದು ಎಲ್ಲೈತಿ?" ಎಂದಳು.

ನಾನು ಪತ್ರಿಕೆಯನ್ನು ಮೇಜಿನ ಮೇಲೆ ಹರವಿ ಹೆಡ್ಡಿಂಗಿನ ಬಲಗಡೆ ತೋರಿಸಿದೆ. ರೇಷ್ಮೆಯ ಬಣ್ಣ ಹತ್ತಿ ಕೆಂಪಾಗಿದ್ದ ಬೆರಳನ್ನು ಅವಳು ಆ ಬಿಳಿಯ ಜಾಗದ ಮೇಲೆ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದಳು.

"ಇಷ್ಟ ಜಾಗಾ ಸಾಕವ್ವ ನಮಗ" ಎಂದಳು.